ಹುಲಿಯ ಮೈಬರಹ ಓದಿದ ಕಾಲ

1972ರಲ್ಲಿ ಭಾರತ ಮೊದಲ ಸಲ ದೇಶದುದ್ದಕ್ಕೂ ತನ್ನ ಹುಲಿಗಳನ್ನು ಎಣಿಸಲು ಹೊರಟಾಗ ಅರಣ್ಯ ಇಲಾಖೆಯವರ ಕೈಯಲ್ಲಿದ್ದ ಮುಖ್ಯ ಸಲಕರಣೆ ಒಂದು ಗಾಜಿನ ಹಲಗೆ. ಕಾಡಿನ ದೂಳುದಾರಿಯಲ್ಲಿ ಹುಲಿಯ ಎಡ ಹಿಂಗಾಲಿನ ಹೆಜ್ಜೆ ಕಂಡರೆ ಗಾರ್ಡು ಅದರ ಮೇಲೆ ಗಾಜಿಟ್ಟು ಅಂಚನ್ನು ಬರೆದುಕೊಳ್ಳುತ್ತಿದ್ದ. ಗುರುತು ಚೆನ್ನಾಗಿ ಮೂಡಿದ್ದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ಸುರಿದು ಅಚ್ಚು ತೆಗೆಯುತ್ತಿದ್ದ. ಈ ಕ್ರಮವನ್ನು ರೂಪಿಸಿದವರು ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧರಿ. ಕಾಡನ್ನು ಚೆನ್ನಾಗಿ ಬಲ್ಲವರು ಅವರು. ಹೆಜ್ಜೆ ನೋಡಿ ಗಂಡೋ ಹೆಣ್ಣೋ, ಮರಿಯೋ ಬೆಳೆದದ್ದೋ ಎಂದು ಹೇಳಬಲ್ಲವರು. ಒಂದೊಂದು ಹುಲಿಯ ಹೆಜ್ಜೆಯೂ ಬೇರೆ ಬೇರೆ, ಆದ್ದರಿಂದ ಹೆಜ್ಜೆಗಳನ್ನು ವಿಂಗಡಿಸಿದರೆ ಹುಲಿಗಳ ಲೆಕ್ಕ ಸಿಗುತ್ತದೆ ಎಂಬುದು ಅವರ ನಂಬಿಕೆ. ಆ ವರ್ಷ ಸಿಕ್ಕ ಲೆಕ್ಕ 1827.

ಇಡೀ ದೇಶಕ್ಕೆ ಅಷ್ಟೇ ಹುಲಿ ಎಂಬ ಸುದ್ದಿ ದೆಹಲಿಯನ್ನು ಬೆಚ್ಚಿಸಿತು. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಶುರುವಾಯಿತು. ಆರಿಸಿಕೊಂಡ ಒಂಬತ್ತು ಕಾಡುಗಳಲ್ಲಿ ಆಗಿನ ಮೈಸೂರು ರಾಜ್ಯದ ಬಂಡೀಪುರವೂ ಒಂದು. ಬೇಟೆ ನಿಂತಿತು, ಮರ ಕಡಿಯುವುದು ಕಡಿಮೆಯಾಯಿತು, ದನಕರು ಹೊರಬಂದವು, ಕಾವಲು ಬಿಗಿಯಾಯಿತು. ಎಣಿಕೆಯೂ ಏರತೊಡಗಿತು. 1979ರಲ್ಲಿ 3015, 1984ರಲ್ಲಿ 4005, 1989ರಲ್ಲಿ 4334. ಹುಲಿಗಳು ನಿಜಕ್ಕೂ ಹೆಚ್ಚುತ್ತಿದ್ದವು, ಅದರಲ್ಲಿ ಅನುಮಾನವಿಲ್ಲ. ಅನುಮಾನವಿದ್ದದ್ದು ಆ ಅಂಕಿಗಳ ಮೇಲೆ. ಅವುಗಳಲ್ಲಿ ಎಷ್ಟು ಹುಲಿಯವು, ಎಷ್ಟು ಕಾಗದದವು ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಉತ್ತರ ಕೊನೆಗೆ ಬಂದದ್ದು ಲೆಕ್ಕ ಮಾಡಲು ಹೊರಟವರಿಂದಲ್ಲ. ಒಂದು ಪ್ರಾಣಿ ದಿನವಿಡೀ ಏನು ಮಾಡುತ್ತದೆ, ಎಲ್ಲಿ ಮಲಗುತ್ತದೆ, ಯಾರನ್ನು ತಿನ್ನುತ್ತದೆ, ಎಷ್ಟು ದೂರ ಹೋಗುತ್ತದೆ ಎಂದು ಬೆನ್ನುಬಿದ್ದು ನೋಡಿದವರಿಂದ ಬಂತು. ಆ ಬೆನ್ನುಬೀಳುವ ಕೆಲಸದ ದೊಡ್ಡ ಪಾಲು ನಡೆದದ್ದು ಬಂಡೀಪುರ, ನಾಗರಹೊಳೆ, ಚಾಮರಾಜನಗರದ ಕಾಡುಗಳಲ್ಲಿ. ಆ ಕಾಲದ ಕಥೆ ಕನ್ನಡದ ಓದುಗರಿಗೆ ಇನ್ನಷ್ಟು ಪರಿಚಿತವಾಗಬೇಕಿತ್ತು ಎಂದು ನನಗೆ ಯಾವತ್ತೂ ಅನ್ನಿಸಿದೆ.

ಶುರುವಾದದ್ದು ಮಾತ್ರ ಮಧ್ಯಪ್ರದೇಶದಲ್ಲಿ. 1963ರಿಂದ 65ರವರೆಗೆ ಜಾರ್ಜ್ ಶಾಲರ್ ಎಂಬ ಯುವ ವಿಜ್ಞಾನಿ ಕಾನ್ಹಾದ ಬಯಲಿನಲ್ಲಿ ಜಿಂಕೆಗಳನ್ನೂ ಹುಲಿಗಳನ್ನೂ ನೋಡುತ್ತ ಕಳೆದರು. ಅದಕ್ಕೂ ಮುಂಚೆ ಹುಲಿಯ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಕೋವಿ ಹಿಡಿದವರು. ಅವರಿಗೆ ಒಂದು ಹುಲಿಯ ಪರಿಚಯ ಬೆಳೆಯುವಷ್ಟರಲ್ಲಿ ಅದು ಸತ್ತಿರುತ್ತಿತ್ತು. ಶಾಲರ್ ಕೋವಿ ಹಿಡಿಯಲಿಲ್ಲ. ಹುಲಿಯ ಕಣ್ಣಿನ ಮೇಲಿನ, ಕೆನ್ನೆಯ ಪಟ್ಟೆಗಳನ್ನು ನೋಡಿ ಇದು ಅದೇ ಹೆಣ್ಣು, ಇದು ಬೇರೆ ಗಂಡು ಎಂದು ಗುರುತಿಟ್ಟುಕೊಂಡರು. 1967ರಲ್ಲಿ ಬಂದ ಅವರ ಪುಸ್ತಕ ‘ದ ಡೀರ್ ಅಂಡ್ ದ ಟೈಗರ್’ ಭಾರತದಲ್ಲಿ ವನ್ಯಜೀವಿ ವಿಜ್ಞಾನಕ್ಕೆ ಬಾಗಿಲು ತೆರೆಯಿತು. ಆದರೆ ಆ ಬಾಗಿಲಿನಿಂದ ಒಳಗೆ ಬರಲು ಭಾರತೀಯರಿಗೆ ಹತ್ತು ವರ್ಷ ಹಿಡಿಯಿತು. ಪ್ರಾಣಿಶಾಸ್ತ್ರವೆಂದರೆ ಪ್ರಯೋಗಾಲಯದಲ್ಲಿ ಕಪ್ಪೆ ಕುಯ್ಯುವುದು ಎಂದು ನಮ್ಮ ಕಾಲೇಜುಗಳು ನಂಬಿದ್ದ ಕಾಲ ಅದು.

ಆ ನಂಬಿಕೆ ಬಿಟ್ಟು ಬಂದವರು ಎ.ಜೆ.ಟಿ. ಜಾನ್‌ಸಿಂಗ್. ತಿರುನೆಲ್ವೇಲಿ ಜಿಲ್ಲೆಯ ನಾಂಗುನೇರಿಯವರು, ಶಿವಕಾಶಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದವರು. 1976ರಲ್ಲಿ ಬಂಡೀಪುರಕ್ಕೆ ಬಂದು ಎರಡು ವರ್ಷ ಇದ್ದುಬಿಟ್ಟರು. ಅವರು ಆರಿಸಿಕೊಂಡದ್ದು ಹುಲಿಯನ್ನಲ್ಲ, ಆನೆಯನ್ನಲ್ಲ. ಯಾರಿಗೂ ಬೇಡವಾಗಿದ್ದ ಸೀಳುನಾಯಿಯನ್ನು.

ಸೀಳುನಾಯಿಯ ಮೇಲೆ ಆಗ ಇದ್ದ ದ್ವೇಷವನ್ನು ಇವತ್ತು ಊಹಿಸುವುದು ಕಷ್ಟ. ಬ್ರಿಟಿಷರ ಕಾಲದಿಂದಲೂ ಅದನ್ನು ಕೊಂದು ತಂದವರಿಗೆ ಇನಾಮು ಸಿಗುತ್ತಿತ್ತು. ಹಿಂಡಾಗಿ ಬಂದು ಬದುಕಿರುವ ಜಿಂಕೆಯನ್ನೇ ಹರಿದು ತಿನ್ನುವ ಕ್ರೂರಿ, ಹೋದ ಕಡೆಯಲ್ಲೆಲ್ಲ ಕಾಡನ್ನು ಬರಿದು ಮಾಡುವ ಪೀಡೆ ಎಂದು ಶಿಕಾರಿಯವರು ಬರೆದರು, ಅಧಿಕಾರಿಗಳು ನಂಬಿದರು. ಜಾನ್‌ಸಿಂಗ್ ಅವರ ಬಳಿ ರೇಡಿಯೊ ಕಾಲರ್ ಇರಲಿಲ್ಲ. ಬೈನಾಕ್ಯುಲರ್, ನೋಟ್‌ಬುಕ್, ಎರಡು ಕಾಲು ಇದ್ದವು. ಜಿಂಕೆ ಎಚ್ಚರಿಕೆಯ ಕೂಗು ಹಾಕಿದ ದಿಕ್ಕು, ಕಾಗೆ ಇಳಿದ ಜಾಗ ನೋಡಿಕೊಂಡು ಬೇಟೆ ಬಿದ್ದಲ್ಲಿಗೆ ನಡೆದುಹೋಗುತ್ತಿದ್ದರು. ಆನೆಗಳಿರುವ ಪೊದೆಕಾಡಿನಲ್ಲಿ ಹೀಗೆ ಕಾಲ್ನಡಿಗೆಯಲ್ಲಿ ತಿರುಗುವುದಕ್ಕೆ ಎಷ್ಟು ಎದೆಗಾರಿಕೆ ಬೇಕು ಎಂಬುದು ಆ ಕಡೆ ಓಡಾಡಿದವರಿಗೆ ಗೊತ್ತು.

ಹಾಗೆ ನೋಡಿದಾಗ ಕಂಡ ಸೀಳುನಾಯಿಯೇ ಬೇರೆ. ಹಿಂಡಿನಲ್ಲಿ ಸಾಮಾನ್ಯವಾಗಿ ಒಂದೇ ಹೆಣ್ಣು ಮರಿ ಹಾಕುತ್ತದೆ. ಉಳಿದವು ಆ ಮರಿಗಳ ಊಳಿಗಕ್ಕೆ ನಿಲ್ಲುತ್ತವೆ. ಬೇಟೆಯಾಡಿ ತಿಂದು ಬಂದು, ಗುಹೆಯ ಬಾಯಲ್ಲಿ ಮಾಂಸವನ್ನು ಕಕ್ಕಿ ಮರಿಗಳಿಗೂ ಹಾಲೂಡುವ ತಾಯಿಗೂ ಉಣಿಸುತ್ತವೆ. ಹಿಂಡು ಬೇಟೆಗೆ ಹೋದಾಗ ಒಂದೆರಡು ಕಾವಲು ಉಳಿಯುತ್ತವೆ. ಬಂಡೀಪುರದಲ್ಲಿ ಅವುಗಳ ಮುಖ್ಯ ಆಹಾರ ಚುಕ್ಕೆ ಜಿಂಕೆ. ಅವು ತಿಂದದ್ದರಿಂದ ಜಿಂಕೆ ಬರಿದಾಗಲಿಲ್ಲ; ಹುಲಿ, ಚಿರತೆಗಳೂ ಅದೇ ಕಾಡಿನಲ್ಲಿ ಅವುಗಳ ಜೊತೆಗೇ ಬಾಳುತ್ತಿದ್ದವು. ಸ್ವಚ್ಛಂದವಾಗಿ ತಿರುಗುವ ದೊಡ್ಡ ಸಸ್ತನಿಯೊಂದನ್ನು ಭಾರತೀಯ ವಿಜ್ಞಾನಿಯೊಬ್ಬರು ಕಾಡಿನಲ್ಲಿ ಕೂತು ಹೀಗೆ ಅಧ್ಯಯನ ಮಾಡಿದ್ದು ಇದೇ ಮೊದಲು ಎನ್ನುತ್ತಾರೆ. ಮುಂದೆ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿ ಜಾನ್‌ಸಿಂಗ್ ಒಂದು ತಲೆಮಾರಿನ ಸಂಶೋಧಕರನ್ನೂ ಅರಣ್ಯಾಧಿಕಾರಿಗಳನ್ನೂ ಕಾಡಿನಲ್ಲಿ ನಡೆಸಿ ಕಲಿಸಿದರು, 2024ರಲ್ಲಿ ತೀರಿಕೊಂಡರು. ಅವರು ಬಂಡೀಪುರದಲ್ಲಿ ಶುರುಮಾಡಿದ ಕೆಲಸದ ಜಾಡನ್ನು ಮೈಸೂರಿನ ಕೃಪಾಕರ–ಸೇನಾನಿ ಕ್ಯಾಮೆರಾ ಹಿಡಿದು ಮುಂದುವರಿಸಿದರು. ಸೀಳುನಾಯಿಯ ಸಂಸಾರವನ್ನು ಅವರ ಚಿತ್ರಗಳು ಜಗತ್ತಿಗೇ ತೋರಿಸಿದವು.

ಜಾನ್‌ಸಿಂಗ್ ಬಂಡೀಪುರ ಬಿಟ್ಟ ಕೆಲವೇ ವರ್ಷಗಳಲ್ಲಿ, 1981ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಇನ್ನೊಬ್ಬ ಯುವಕ ಚಾಮರಾಜನಗರದ ಕಡೆ ಹೊರಟರು. ಮಾಧವ ಗಾಡ್ಗೀಳರ ವಿದ್ಯಾರ್ಥಿ ರಾಮನ್ ಸುಕುಮಾರ್. ಬಿಳಿಗಿರಿರಂಗನ ಬೆಟ್ಟ, ಸತ್ಯಮಂಗಲದ ಬೆಟ್ಟಗಳ ನಡುವಿನ ಆನೆಗಳನ್ನು ಎರಡು ವರ್ಷಕ್ಕೂ ಮಿಕ್ಕಿ ಅವರು ಹಿಂಬಾಲಿಸಿದರು. ಕಿವಿಯ ಅಂಚಿನ ಹರಕು, ದಂತದ ಬಾಗು, ಬಾಲದ ತುದಿ ಇವುಗಳಿಂದ ಒಂದೊಂದನ್ನೂ ಗುರುತಿಟ್ಟರು. ಅಲ್ಲಿಗೆ ಕೇವಲ ಹತ್ತು ವರ್ಷ ಹಿಂದೆ, 1971ರಲ್ಲಿ, ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದಿತ್ತು ಎಂಬುದನ್ನು ನೆನೆದರೆ ಈ ಬದಲಾವಣೆಯ ವೇಗ ತಿಳಿಯುತ್ತದೆ. ನೂರು ವರ್ಷ ಮೈಸೂರು ಸೀಮೆಗೆ ಆನೆಯೆಂದರೆ ಹಿಂಡಾಗಿ ಅಟ್ಟಿ ಕೆಡಹುವ ಪ್ರಾಣಿ. ಈಗ ಒಬ್ಬಾತ ಆ ಹಿಂಡಿನೊಳಗಿನ ಒಂದೊಂದಕ್ಕೂ ಹೆಸರಿಡುತ್ತಿದ್ದ.

ಅವರು ಕೇಳಿದ ಪ್ರಶ್ನೆಗಳಲ್ಲಿ ಒಂದು ಆ ಭಾಗದ ರೈತರು ದಿನವೂ ಕೇಳುತ್ತಿದ್ದ ಪ್ರಶ್ನೆ: ಆನೆ ಹೊಲಕ್ಕೆ ಯಾಕೆ ಬರುತ್ತದೆ? ಕಾಡಿನಲ್ಲಿ ಮೇವಿಲ್ಲ, ಅದಕ್ಕೆ ಬರುತ್ತದೆ ಎಂಬ ಸಿದ್ಧ ಉತ್ತರ ಆಗಲೂ ಇತ್ತು, ಈಗಲೂ ಇದೆ. ಸುಕುಮಾರ್ ಕಂಡದ್ದು ಇನ್ನೂ ಸೂಕ್ಷ್ಮವಾದ ಸಂಗತಿ. ರಾಗಿ, ಭತ್ತದ ಬೆಳೆಯಲ್ಲಿ ಕಾಡಿನ ಹುಲ್ಲಿಗಿಂತ ಹೆಚ್ಚು ಪ್ರೋಟೀನು, ಸುಣ್ಣದಂಶ, ಸೋಡಿಯಂ ಇದೆ. ಇನ್ನು ಹೊಲಕ್ಕೆ ನುಗ್ಗುವುದರಲ್ಲಿ ಎಲ್ಲ ಆನೆಗಳೂ ಒಂದೇ ಅಲ್ಲ. ಹೆಣ್ಣಾನೆಗಳ ಕುಟುಂಬಗಳಿಗಿಂತ ಬೆಳೆದ ಗಂಡಾನೆಗಳು ಸುಮಾರು ಆರು ಪಟ್ಟು ಹೆಚ್ಚಾಗಿ ಹೊಲಕ್ಕೆ ಬೀಳುತ್ತವೆ. ಹೊಲಕ್ಕೆ ಬರುವುದೆಂದರೆ ಆನೆಗೂ ಜೀವದ ಹಂಗು ತೊರೆದ ಕೆಲಸ. ಪಟಾಕಿ, ಪಂಜು, ಕೋವಿ, ವಿದ್ಯುತ್ ತಂತಿ ಎಲ್ಲವೂ ಕಾಯುತ್ತಿರುತ್ತವೆ. ಮರಿ ಕಟ್ಟಿಕೊಂಡ ತಾಯಿ ಆ ಅಪಾಯಕ್ಕೆ ಒಡ್ಡಿಕೊಳ್ಳುವುದು ಅಪರೂಪ. ಗಂಡಿಗೆ ಹಾಗಲ್ಲ. ಚೆನ್ನಾಗಿ ಮೇದು ಮೈ ತುಂಬಿಕೊಂಡ ಸಲಗವೇ ಇತರ ಗಂಡುಗಳನ್ನು ಸೋಲಿಸಿ ಹೆಣ್ಣನ್ನು ಸೇರುತ್ತದೆ. ಅಪಾಯ ದೊಡ್ಡದಾದರೂ ಗಳಿಕೆ ಅದಕ್ಕಿಂತ ದೊಡ್ಡದು. ರಾತ್ರಿಯಿಡೀ ಅಟ್ಟಣೆಯ ಮೇಲೆ ರಾಗಿ ಹೊಲ ಕಾಯುವ ರೈತನಿಗೆ ಈ ವಿವರಣೆಯಿಂದ ಬೆಳೆ ವಾಪಸು ಬರುವುದಿಲ್ಲ, ನಿಜ. ಆದರೆ ಯಾವ ಆನೆ, ಯಾವ ಕಾಲದಲ್ಲಿ, ಯಾವ ಬೆಳೆಗೆ ಬರುತ್ತದೆ ಎಂದು ತಿಳಿಯದೆ ತೋಡಿದ ಕಂದಕಗಳೂ ಕಟ್ಟಿದ ಬೇಲಿಗಳೂ ಎಷ್ಟು ವ್ಯರ್ಥವಾಗಿವೆ ಎಂಬುದಕ್ಕೆ ಕಾಡಂಚಿನ ಯಾವ ಊರಿಗೆ ಹೋದರೂ ಸಾಕ್ಷಿ ಸಿಗುತ್ತದೆ.

ಹುಲಿಯ ಲೆಕ್ಕದ ಕಥೆ ಮತ್ತೆ ಶುರುವಾಗುವುದು ನಾಗರಹೊಳೆಯಲ್ಲಿ, 1986ರಲ್ಲಿ. ಕೆ. ಉಲ್ಲಾಸ ಕಾರಂತರು ಓದಿದ್ದು ಎಂಜಿನಿಯರಿಂಗ್, ಮಾಡಿಕೊಂಡಿದ್ದು ಕೃಷಿ. ಶಿವರಾಮ ಕಾರಂತರ ಮಗನಾಗಿ ಕರಾವಳಿಯಲ್ಲಿ ಬೆಳೆದ ಅವರಿಗೆ ಬಾಲ್ಯದಿಂದಲೂ ಹುಲಿಯದೇ ಗುಂಗು. ನಡುವಯಸ್ಸಿಗೆ ಬರುತ್ತಿದ್ದಾಗ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ವಿಜ್ಞಾನ ಓದಿದರು. ಅಲ್ಲಿನ ಗುರು ಮೆಲ್ ಸನ್‌ಕ್ವಿಸ್ಟ್, ನೇಪಾಳದ ಚಿತ್ವನ್‌ನಲ್ಲಿ ಹುಲಿಗಳಿಗೆ ರೇಡಿಯೊ ಕಾಲರ್ ಹಾಕಿ ಅಧ್ಯಯನ ಮಾಡಿದವರು.

ನಾಗರಹೊಳೆಯಲ್ಲಿ ಕಾರಂತರು ಮೊದಲು ಮಾಡಿದ್ದು ಹುಲಿಯನ್ನು ಹುಡುಕುವುದಲ್ಲ, ಹುಲಿಯ ಊಟವನ್ನು ಎಣಿಸುವುದು. ಕಾಡಿನಲ್ಲಿ ನೆಟ್ಟಗೆ ಗೆರೆ ಎಳೆದಂತೆ ಕಾಲುದಾರಿ ಸವರಿ, ಬೆಳಿಗ್ಗೆ ಸಂಜೆ ಸದ್ದಿಲ್ಲದೆ ನಡೆಯುವುದು. ಜಿಂಕೆ, ಕಡವೆ, ಕಾಟಿ, ಕಾಡುಹಂದಿ, ಕಾಡುಕುರಿ ಏನು ಕಂಡರೂ ಎಷ್ಟು, ಗೆರೆಯಿಂದ ಎಷ್ಟು ದೂರ ಎಂದು ಬರೆದುಕೊಳ್ಳುವುದು. ಆ ದೂರಗಳಿಂದ, ಕಣ್ಣಿಗೆ ಬೀಳದೆ ಉಳಿದವು ಎಷ್ಟಿರಬಹುದು ಎಂಬುದನ್ನೂ ಗಣಿತ ಹೇಳುತ್ತದೆ. ಚದರ ಕಿಲೋಮೀಟರಿಗೆ ಐವತ್ತರಷ್ಟು ಚುಕ್ಕೆ ಜಿಂಕೆ, ಒಂಬತ್ತು ಹತ್ತು ಕಾಟಿ! ಏಷ್ಯಾದ ಕಾಡುಗಳಲ್ಲೇ ಇದು ಅತಿ ಸಮೃದ್ಧವಾದ ಲೆಕ್ಕಗಳಲ್ಲಿ ಒಂದು. ಈ ಸಮೃದ್ಧಿ ತಾನಾಗಿ ಬಂದದ್ದಲ್ಲ. ಕೆ.ಎಂ. ಚಿಣ್ಣಪ್ಪನವರಂಥ ರೇಂಜರ್ ಮತ್ತು ಅವರ ಕೈಕೆಳಗಿನ ವಾಚರುಗಳು ಎರಡು ದಶಕ ಕಳ್ಳಬೇಟೆಯವರ ಎದುರು ನಿಂತಿದ್ದರಿಂದ ಉಳಿದದ್ದು.

ಮುಂದಿನ ಹೆಜ್ಜೆ ಇನ್ನೂ ಶ್ರಮದ್ದು. ಹುಲಿ, ಚಿರತೆ, ಸೀಳುನಾಯಿಗಳ ಮಲವನ್ನು ಕಾಡಿನ ದಾರಿಗಳಲ್ಲಿ ಆರಿಸಿ ತಂದು, ತೊಳೆದು, ಅದರಲ್ಲಿ ಉಳಿದ ಕೂದಲನ್ನು ಸೂಕ್ಷ್ಮದರ್ಶಕದ ಅಡಿ ಇಟ್ಟು ಯಾವ ಪ್ರಾಣಿಯದೆಂದು ಗುರುತಿಸುವುದು. 1995ರಲ್ಲಿ ಕಾರಂತ ಮತ್ತು ಸನ್‌ಕ್ವಿಸ್ಟ್ ಪ್ರಕಟಿಸಿದ ಲೇಖನದ ಪ್ರಕಾರ ನಾಗರಹೊಳೆಯ ಹುಲಿ ಕೊಲ್ಲುವ ಪ್ರಾಣಿಯ ಸರಾಸರಿ ತೂಕ 91.5 ಕೆ.ಜಿ., ಚಿರತೆಯದು 37.6, ಸೀಳುನಾಯಿಯದು 43.4. ಹುಲಿ ಕಾಟಿಯನ್ನೂ ಕಡವೆಯನ್ನೂ ಹುಡುಕಿ ಹೋಗುತ್ತದೆ. ಉಳಿದೆರಡು ಜಿಂಕೆಯ ಸುತ್ತ ಬದುಕುತ್ತವೆ. ಮೂರೂ ಒಂದೇ ಕಾಡಿನಲ್ಲಿ ಹೇಗೆ ಬಾಳುತ್ತವೆ ಎಂಬ ಪ್ರಶ್ನೆಗೆ ಉತ್ತರದ ದೊಡ್ಡ ಭಾಗ ಇಲ್ಲಿದೆ: ದೊಡ್ಡದು, ಸಣ್ಣದು ಎಲ್ಲ ಬಗೆಯ ಮೇವುಪ್ರಾಣಿಗಳು ಬೇಕಾದಷ್ಟು ಇದ್ದರೆ ಮೂವರಿಗೂ ಜಾಗವಿದೆ. ಒಂದು ಹುಲಿಗೆ ವರ್ಷಕ್ಕೆ ಸುಮಾರು ಐವತ್ತು ದೊಡ್ಡ ಪ್ರಾಣಿ ಬೇಕು. ಹುಲಿಗಳು ವರ್ಷಕ್ಕೆ ತಿನ್ನುವುದು ಹಿಂಡಿನ ಹತ್ತರಲ್ಲಿ ಒಂದು ಪಾಲು. ಅಂದರೆ ಒಂದು ಹುಲಿಯ ಬೆನ್ನಿಗೆ ಐನೂರು ಜಿಂಕೆ, ಕಡವೆ, ಕಾಟಿಗಳಿರಬೇಕು. ಹುಲಿಯನ್ನು ಮುಟ್ಟದೆ ಬರೀ ಜಿಂಕೆಯನ್ನು ಉರುಳು ಹಾಕಿ ಹಿಡಿದರೂ ಹುಲಿ ಇಲ್ಲವಾಗುತ್ತದೆ. ಹೆಜ್ಜೆಯ ಅಚ್ಚು ಈ ಮಾತನ್ನು ಎಂದೂ ಹೇಳಿಕೊಡುತ್ತಿರಲಿಲ್ಲ.

1990ರಲ್ಲಿ ನಾಗರಹೊಳೆಯ ಹುಲಿಗಳಿಗೆ ರೇಡಿಯೊ ಕಾಲರ್ ಬಂತು. ಹುಲಿಯನ್ನು ಹಿಡಿಯುವ ಉಪಾಯ ನೇಪಾಳದಲ್ಲಿ ಪಳಗಿದ್ದು. ಪೊದೆಗಳ ನಡುವೆ ಬಿಳಿಬಟ್ಟೆಯನ್ನು ಲಾಳಿಕೆಯ ಆಕಾರದಲ್ಲಿ ಎರಡೂ ಕಡೆ ಕಟ್ಟುತ್ತಾರೆ. ಸುಲಭವಾಗಿ ಹರಿದು ಹೋಗಬಲ್ಲ ಹುಲಿ ಆ ಬಟ್ಟೆಯನ್ನು ಗೋಡೆಯೆಂದೇ ಎಣಿಸಿ ಪಕ್ಕದಲ್ಲೇ ನಡೆದು ಬರುತ್ತದೆ. ಕಿರಿದಾದ ತುದಿಯಲ್ಲಿ ಮರದ ಮೇಲೆ ಕೂತವರು ಅರಿವಳಿಕೆಯ ಸೂಜಿ ಹೊಡೆಯುತ್ತಾರೆ. ಮದ್ದಿನ ಅಮಲು ಇಳಿಯುವುದರೊಳಗೆ ಅಳತೆ, ತೂಕ, ಕೊರಳಿಗೆ ಪಟ್ಟಿ. ಆಮೇಲೆ ತಿಂಗಳುಗಟ್ಟಲೆ ಆಂಟೆನಾ ಹಿಡಿದು ಜೀಪಿನಲ್ಲಿ, ಬೆಟ್ಟದ ನೆತ್ತಿಯಲ್ಲಿ ನಿಂತು ಸಂಕೇತ ಕೇಳುವುದು. ಹುಲಿ ಮಲಗಿದೆಯೋ ಓಡಾಡುತ್ತಿದೆಯೋ ಎಂಬುದೂ ಆ ಸದ್ದಿನ ಲಯದಲ್ಲಿ ತಿಳಿಯುತ್ತದೆ. ಕಾಲರ್ ತೊಟ್ಟವುಗಳಲ್ಲಿ ಸುಂದರಿ ಎಂಬ ಹೆಣ್ಣುಹುಲಿಯ ಬದುಕನ್ನು ಕಾರಂತರು ಎಷ್ಟು ಅಕ್ಕರೆಯಿಂದ ಬರೆದಿದ್ದಾರೆಂದರೆ ಓದಿದವರು ಅವಳನ್ನು ಮರೆಯುವುದಿಲ್ಲ.

ವಿರೋಧವೂ ಹುಟ್ಟಿತು. ಆ ಹೊತ್ತಿಗೆ ಕಾಡಿನಲ್ಲಿ ಕೆಲವು ಹುಲಿಗಳು ಸತ್ತಾಗ ಕಾಲರ್ ಹಾಕಿದ್ದೇ ಕಾರಣ ಎಂದು ಆರೋಪ ಎದ್ದು ಕೆಲಸಕ್ಕೆ ಅಡ್ಡಿ ಬಂತು. ಹುಲಿಗಳು ಸಹಜವಾಗಿಯೂ ಬಹಳ ಸಾಯುತ್ತವೆ, ಕಾದಾಟದಲ್ಲಿ ಸಾಯುತ್ತವೆ ಎಂಬುದು ಇನ್ನೂ ಯಾರಿಗೂ ಲೆಕ್ಕವಾಗಿ ಗೊತ್ತಿರಲಿಲ್ಲ. ಅದನ್ನು ತೋರಿಸಿಕೊಟ್ಟದ್ದು ಅದೇ ಕಾಡಿನಲ್ಲಿ ಆಮೇಲೆ ಬಂದ ಕ್ಯಾಮೆರಾ.

ಕಾಡಿನಲ್ಲಿ ತಾನಾಗಿ ಚಿತ್ರ ತೆಗೆದುಕೊಳ್ಳುವ ಕ್ಯಾಮೆರಾ ಹೊಸದೇನಲ್ಲ. 1920ರ ದಶಕದಲ್ಲೇ ಎಫ್.ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಹಿಮಾಲಯದ ತಪ್ಪಲಿನಲ್ಲಿ ದಾರಿಗೆ ತಂತಿ ಕಟ್ಟಿ ಹುಲಿಯೇ ತನ್ನ ಚಿತ್ರ ತೆಗೆದುಕೊಳ್ಳುವಂತೆ ಮಾಡಿದ್ದರು. 1991ರ ಹೊತ್ತಿಗೆ ಕಣ್ಣಿಗೆ ಕಾಣದ ಬೆಳಕಿನ ಕಿರಣವನ್ನು ದಾಟಿದರೆ ಕ್ಲಿಕ್ಕಿಸುವ ಯಂತ್ರಗಳು ಬಂದಿದ್ದವು. ದಾರಿಯ ಎರಡೂ ಬದಿ ಮೊಣಕಾಲೆತ್ತರದಲ್ಲಿ ಒಂದೊಂದು ಕ್ಯಾಮೆರಾ. ಹುಲಿಯ ಎರಡೂ ಮಗ್ಗುಲಿನ ಪಟ್ಟೆ ಒಟ್ಟಿಗೇ ಸಿಗಬೇಕು, ಏಕೆಂದರೆ ಎಡಮೈಯ ಬರಹ ಬಲಮೈಯಲ್ಲಿಲ್ಲ. ಎರಡು ಹುಲಿಗಳ ಪಟ್ಟೆ ಒಂದೇ ಇರುವುದಿಲ್ಲ.

ಇಲ್ಲಿ ಕಾರಂತರ ಜೊತೆಗೆ ಅಮೆರಿಕದ ಜೇಮ್ಸ್ ನಿಕೋಲ್ಸ್ ಸೇರಿದರು, ಪ್ರಾಣಿಸಂಖ್ಯೆಯ ಗಣಿತದಲ್ಲಿ ಪಳಗಿದವರು. ಅವರ ಲೆಕ್ಕದ ತಿರುಳು ಕೆರೆಯ ಮೀನು ಎಣಿಸುವ ಹಳೆಯ ಉಪಾಯದ್ದು. ಬಲೆ ಬೀಸಿ ಸಿಕ್ಕ ಮೀನಿಗೆಲ್ಲ ಗುರುತು ಹಾಕಿ ಬಿಡಿ. ಮತ್ತೆ ಬೀಸಿದಾಗ ಗುರುತಿನ ಮೀನು ಹೆಚ್ಚು ಸಿಕ್ಕರೆ ಕೆರೆಯಲ್ಲಿರುವುದು ಸ್ವಲ್ಪ, ಗುರುತಿಲ್ಲದವೇ ಹೆಚ್ಚು ಸಿಕ್ಕರೆ ಕೆರೆಯಲ್ಲಿ ಇನ್ನೂ ಬಹಳ ಇವೆ. ಹುಲಿಗೆ ಗುರುತು ಹಾಕಬೇಕಿಲ್ಲ, ಅದು ಹುಟ್ಟುವಾಗಲೇ ಮೈಮೇಲೆ ಹೊತ್ತು ತಂದಿರುತ್ತದೆ. ಹೆಜ್ಜೆಯ ಎಣಿಕೆ ಎಲ್ಲ ಹುಲಿಯೂ ಕಂಡಿದೆ ಎಂದುಕೊಂಡು ಸಾಗುತ್ತಿತ್ತು. ಈ ಲೆಕ್ಕ ಕಾಣದ ಹುಲಿ ಎಷ್ಟು ಎಂದು ಕೇಳಿಕೊಂಡು ಶುರುವಾಗುತ್ತದೆ. ಮೂವತ್ತು ವರ್ಷಗಳ ಈ ಇತಿಹಾಸದಲ್ಲಿ ಅತಿ ದೊಡ್ಡ ತಿರುವು ನನ್ನ ದೃಷ್ಟಿಯಲ್ಲಿ ಕ್ಯಾಮೆರಾ ಅಲ್ಲ, ಈ ಪ್ರಶ್ನೆ.

1998ರಲ್ಲಿ ಅವರಿಬ್ಬರು ನಾಲ್ಕು ಕಾಡುಗಳ ಲೆಕ್ಕ ಪ್ರಕಟಿಸಿದರು. ನೂರು ಚದರ ಕಿಲೋಮೀಟರಿಗೆ ಪೆಂಚ್‌ನಲ್ಲಿ ಸುಮಾರು 4 ಹುಲಿ, ನಾಗರಹೊಳೆ ಮತ್ತು ಕಾನ್ಹಾದಲ್ಲಿ ಹನ್ನೊಂದು ಹನ್ನೆರಡು, ಕಾಜಿರಂಗದಲ್ಲಿ ಸುಮಾರು 17. ಆದರೆ ನನ್ನನ್ನು ಹೆಚ್ಚು ತಟ್ಟಿದ್ದು 2006ರಲ್ಲಿ ಬಂದ, ನಾಗರಹೊಳೆಯ ಒಂಬತ್ತು ವರ್ಷಗಳ ಲೆಕ್ಕ. ಅಷ್ಟು ಕಾಲದಲ್ಲಿ ಗುರುತಿಸಿದ ಹುಲಿಗಳು 74. ವರ್ಷದಿಂದ ವರ್ಷಕ್ಕೆ ಉಳಿದುಕೊಳ್ಳುತ್ತಿದ್ದದ್ದು ನೂರಕ್ಕೆ ಸುಮಾರು 77. ಉಳಿದವು ಸತ್ತವು ಅಥವಾ ಊರು ಬಿಟ್ಟವು. ಪ್ರತಿವರ್ಷ ನಾಲ್ಕರಲ್ಲಿ ಒಂದರಷ್ಟು ಕಳೆದುಹೋದರೂ ಆ ಕಾಡಿನ ಹುಲಿಕುಲ ಕುಗ್ಗಲಿಲ್ಲ, ಏಕೆಂದರೆ ಹೊಟ್ಟೆ ತುಂಬಿದ ತಾಯಂದಿರು ಅಷ್ಟು ಮರಿ ಬೆಳೆಸುತ್ತಿದ್ದರು. ಒಂದು ಹುಲಿ ಸತ್ತರೆ ಗದ್ದಲವೆಬ್ಬಿಸಿ, ಜಿಂಕೆ ಬರಿದಾದ ಕಾಡಿನ ಬಗ್ಗೆ ಸುಮ್ಮನಿರುವ ನಮ್ಮ ಅಭ್ಯಾಸವನ್ನು ಈ ಲೆಕ್ಕ ತಿದ್ದಬೇಕಿತ್ತು.

ಈ ಕೆಲಸದ ಹಿಂದಿನ ಕಣ್ಣುಗಳು ಯಾರವು ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಹುಲಿ ಯಾವ ತಿರುವಿನಲ್ಲಿ ನಡೆಯುತ್ತದೆ, ಯಾವ ಜೌಗು ಹಡ್ಲಿನ ಅಂಚಿನಲ್ಲಿ ಕಾಟಿ ಬೀಳುತ್ತದೆ, ಈ ಹೆಜ್ಜೆ ನಿನ್ನೆಯದೋ ಈ ಬೆಳಗಿನದೋ ಎಂದು ತೋರಿಸಿದವರು ಜೇನುಕುರುಬರು, ಬೆಟ್ಟಕುರುಬರು, ಸೋಲಿಗರು. ಅವರ ಹಾಡಿಗಳನ್ನು ಕಾಡಿನೊಳಗಿಂದ ಎಬ್ಬಿಸಿದ್ದೂ ಇದೇ ದಶಕಗಳಲ್ಲಿ. ಕೆಲವರು ತಾವಾಗಿ ಹೊರಬಂದರು, ಅನೇಕರನ್ನು ಏನೂ ಕೊಡದೆ ಹೊರಹಾಕಲಾಯಿತು. ವಿಜ್ಞಾನ ಅವರಿಂದ ಕಲಿತದ್ದನ್ನು ರಾಜ್ಯ ಅವರಿಗೆ ತಿರುಗಿ ಕೊಡಲಿಲ್ಲ. ಆ ಸಾಲ ಇನ್ನೂ ಹಾಗೇ ಇದೆ.

ಇಷ್ಟೆಲ್ಲ ಗೊತ್ತಾದ ಮೇಲೂ ಸರ್ಕಾರದ ಎಣಿಕೆ ಗಾಜಿನ ಹಲಗೆಯಲ್ಲೇ ನಡೆದಿತ್ತು. ಪಂಜರದಲ್ಲಿದ್ದ ಕೆಲವೇ ಹುಲಿಗಳ ಹೆಜ್ಜೆಗಳನ್ನು ಕಾರಂತರು ಬೇರೆ ಬೇರೆ ಅನುಭವಸ್ಥರಿಗೆ ಕೊಟ್ಟು ಎಷ್ಟು ಹುಲಿ ಹೇಳಿ ಎಂದಾಗ ಯಾರೂ ಸರಿಯಾದ ಸಂಖ್ಯೆ ಹೇಳಿರಲಿಲ್ಲ. ಅದು 1980ರ ದಶಕದ ಮಾತು. ಅದೇ ಹುಲಿ ಮರಳಿನ ಮೇಲೆ ಊರಿದ ಹೆಜ್ಜೆ ಬೇರೆ, ಕೆಸರಿನಲ್ಲಿ ಊರಿದ್ದು ಬೇರೆ. ತರಗೆಲೆ ಮುಚ್ಚಿದ ನೆಲದಲ್ಲಿ ಹೆಜ್ಜೆಯೇ ಇಲ್ಲ. ಕೊನೆಗೆ ಕಣ್ಣು ತೆರೆಸಿದ್ದು ರಾಜಸ್ಥಾನದ ಸರಿಸ್ಕಾ. ಕಾಗದದಲ್ಲಿ 15ಕ್ಕೂ ಹೆಚ್ಚು ಹುಲಿಗಳಿದ್ದ ಆ ಅಭಯಾರಣ್ಯದಲ್ಲಿ 2005ರ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಕಳ್ಳಬೇಟೆಯವರು ಎಲ್ಲವನ್ನೂ ಮುಗಿಸಿದ್ದರು. ಪ್ರಧಾನಿ ಮನಮೋಹನ್ ಸಿಂಗ್ ಕಾರ್ಯಪಡೆ ನೇಮಿಸಿದರು, ಸುನೀತಾ ನಾರಾಯಣ್ ಅದರ ಮುಖ್ಯಸ್ಥೆ. ಹೆಜ್ಜೆಯ ಗಣತಿ ನಿಂತಿತು. 2006ರಲ್ಲಿ ಕ್ಯಾಮೆರಾ ಆಧರಿಸಿದ ಹೊಸ ಅಂದಾಜು ನಡೆದು, 2008ರಲ್ಲಿ 1411 ಎಂಬ ಅಂಕಿ ಹೊರಬಿತ್ತು. 2002ರಲ್ಲಿ ಹೇಳಿದ್ದು 3642. ಎರಡೂ ಅಂಕಿಗಳನ್ನು ಕಳೆದು ಅಷ್ಟು ಹುಲಿ ಸತ್ತವೆಂದು ಅಂದುಕೊಳ್ಳುವಂತಿಲ್ಲ, ಅಳತೆಗೋಲೇ ಬದಲಾಗಿತ್ತು. ಹೊಸ ಅಂದಾಜಿನ ಗಣಿತದ ಬಗ್ಗೆಯೂ ಕಾರಂತರ ಬಳಗ ಮತ್ತು ಸರ್ಕಾರಿ ವಿಜ್ಞಾನಿಗಳ ನಡುವೆ ವಾದ ನಡೆದೇ ಇದೆ. ವಾದಕ್ಕೆ ಈಗ ಆಧಾರವಾಗಿ ಚಿತ್ರಗಳಿವೆ, ಅದು ದೊಡ್ಡ ಮಾತು. 2022ರ ಅಂದಾಜಿನಲ್ಲಿ ಕರ್ನಾಟಕದ ಪಾಲು 563.

ಪಟ್ಟೆಗಳ ಭಂಡಾರದಿಂದ ಯಾರೂ ಎಣಿಸಿರದ ಉಪಯೋಗಗಳೂ ಹೊರಬಂದವು. 2009ರ ಹೊತ್ತಿಗೆ ಹುಲಿಯ ಮೈಯ ಆಕಾರಕ್ಕೆ ಪಟ್ಟೆಗಳನ್ನು ಹೊಂದಿಸಿ ಹೋಲಿಸುವ ಕಂಪ್ಯೂಟರ್ ತಂತ್ರ ಸಿದ್ಧವಾಯಿತು. ಪೊಲೀಸರು ಹಿಡಿದ ಹುಲಿಚರ್ಮ ಯಾವ ಕಾಡಿನ ಯಾವ ಹುಲಿಯದೆಂದು ಹೇಳುವುದು ಸಾಧ್ಯವಾಯಿತು. ಅದೇ ವರ್ಷ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರ ನಿಂತಿತು; 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಪ್ರಾಣಿಗಳು ರಾತ್ರಿ ಎಷ್ಟು ಓಡಾಡುತ್ತವೆ ಎಂಬ ಅರಿವು ಆ ನಿಷೇಧದ ಪರವಾದ ವಾದಕ್ಕೆ ಬಲ ಕೊಟ್ಟಿತು.

2011ರ ಮೇ ತಿಂಗಳಲ್ಲಿ ಶಿಕಾರಿಪುರ ತಾಲ್ಲೂಕಿನ ಗಾಮ ಎಂಬ ಊರಿನ ಬಳಿ ಒಂದು ಗಂಡುಹುಲಿ ಕಾಣಿಸಿಕೊಂಡು, ಜನ ಗಾಬರಿಯಾಗಿ, ಇಲಾಖೆಯವರು ಅದನ್ನು ಹಿಡಿದರು. ಅದರ ಪಟ್ಟೆಗಳನ್ನು ಭಂಡಾರದ ಚಿತ್ರಗಳ ಜೊತೆ ಹೋಲಿಸಿದಾಗ ಸುಮಾರು ಹದಿನೈದು ತಿಂಗಳ ಹಿಂದೆ ಬಂಡೀಪುರದಲ್ಲಿ ಕ್ಯಾಮೆರಾಕ್ಕೆ ಸಿಕ್ಕಿದ್ದ ಹುಲಿ ಅದೇ ಎಂದು ತಿಳಿಯಿತು. ಎರಡೂ ಜಾಗಗಳ ನಡುವೆ ನೇರ ಅಳೆದರೂ 280 ಕಿಲೋಮೀಟರಿನಷ್ಟು ದೂರ. ತನ್ನದೇ ನೆಲೆ ಹುಡುಕುತ್ತ ಹೊರಟ ಆ ಹುಲಿ ಕಾಡು, ಕಾಫಿತೋಟ, ಹೊಲ, ಹೊಳೆ, ಹೆದ್ದಾರಿಗಳನ್ನು ದಾಟಿ ಬಂದಿತ್ತು. ಅಭಯಾರಣ್ಯಗಳ ಒಳಗೆ ಈಗ ನೂರಾರು ಕ್ಯಾಮೆರಾಗಳಿವೆ. ಅದು ನಡೆದು ಬಂದ ದಾರಿಯಲ್ಲಿ ಬಹುಪಾಲು ಖಾಸಗಿ ತೋಟ, ಮೀಸಲು ಅರಣ್ಯದ ತುಣುಕುಗಳು, ರಸ್ತೆ ಅಗಲೀಕರಣದ ಕಾಮಗಾರಿಗಳು. ಹುಲಿಗಳ ಮುಂದಿನ ಲೆಕ್ಕ ನಡೆಯಬೇಕಾದದ್ದು ಅಲ್ಲಿ, ತೋಟದ ಮಾಲೀಕರನ್ನೂ ಕೂಲಿಯವರನ್ನೂ ಜೊತೆಗೆ ಕೂರಿಸಿಕೊಂಡು.